ಕೆಳಗಿನ ಐದು ಅಂಗುಲ

ಪಾಂಡವಪುರ
9 ಜೂನ್ 1996

ಶ್ರೀ ಪುಟ್ಟರಾಜು ಅವರಿಗೆ,

ನಮಸ್ಕಾರ. ನಾಲ್ಕು ವರ್ಷದಿಂದ ನಿಮಗೆ ಬರೆದಿಲ್ಲ, ಬರೆಯುವ ಮನಸ್ಸೂ ಇರಲಿಲ್ಲ. ಈಗ ಬರೆಯುತ್ತಿರುವುದೂ ಸ್ನೇಹಕ್ಕಲ್ಲ, ಒಂದು ವಸ್ತುವನ್ನು ಕೇಳುವುದಕ್ಕೆ.

1992ರ ಜೂನ್‌ನಲ್ಲಿ ನನ್ನ ಮಗಳು ಸೌಮ್ಯಶ್ರೀಯ ಚಿತ್ರವನ್ನು ಕೆ.ಆರ್.ಪೇಟೆಯ ನಿಮ್ಮ ಅಂಗಡಿಗೆ ಕಟ್ಟು ಹಾಕಿಸಲು ತಂದುಕೊಟ್ಟಿದ್ದೆ. ಮೆದುಳು ಜ್ವರ ಬಂದು ಅವಳು ಹೋಗಿ ಆಗ ಎರಡು ತಿಂಗಳಾಗಿತ್ತು. ತಲೆಯಿಂದ ಪಾದದವರೆಗೆ, ಹದಿಮೂರು ವರ್ಷದ ಹುಡುಗಿ ಎಷ್ಟು ಎತ್ತರವಿದ್ದಳೋ ಅಷ್ಟೇ ಎತ್ತರದ ಪೆನ್ಸಿಲ್ ಚಿತ್ರ. ಕಾಗದದ ಉದ್ದ ಐದಡಿ ಐದು ಅಂಗುಲ. ನೀವು ವಾಪಸ್ ಕೊಟ್ಟಿದ್ದು ಐದಡಿಯದು. ಮಗಳು ಲಂಗದ ಅಂಚಿಗೆ ಮುಗಿದುಹೋಗಿದ್ದಳು. ಪಾದ ಇರಲಿಲ್ಲ. ಕೇಳಿದ್ದಕ್ಕೆ, "ಗಾಜು ಗಿಡ್ಡ ಬಂತು, ಕೆಳಗಡೆ ಒಂಚೂರು ಕತ್ತರಿಸ್ಬೇಕಾಯ್ತು" ಎಂದಿರಿ. ಕ್ಯಾಲೆಂಡರ್ ದೇವರ ಅಂಚು ಕತ್ತರಿಸಿ ಕಟ್ಟು ಹಾಕುವವರಿಗೆ ಇದೂ ಹಾಗೇ ಕಂಡಿರಬೇಕು. ಆವತ್ತು ನಿಮ್ಮ ಅಂಗಡಿಯಲ್ಲಿ ನಾನು ಆಡಿದ ಮಾತು ನಿಮಗೆ ನೆನಪಿರಬಹುದು. ಅದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ.

ನನ್ನ ಬಲಗಣ್ಣು ಹೋಗಿ ಆರು ತಿಂಗಳಾಯಿತು. ಒಳಗಿನ ನರ ಒಣಗುತ್ತಿದೆಯಂತೆ. ಎಡಗಣ್ಣು ದಸರಾವರೆಗೆ ಉಳಿದರೆ ಹೆಚ್ಚು ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಕಣ್ಣಿರುವಾಗ ನನ್ನ ಮಗಳ ಪಾದವನ್ನು ಒಮ್ಮೆ ನೋಡಬೇಕು. ಕತ್ತರಿಸಿದ ಆ ಐದು ಅಂಗುಲ ಎಲ್ಲಿ ಹೋಯಿತು? ಎಸೆದಿದ್ದರೆ ಎಸೆದೆ ಎಂದು ಬರೆಯಿರಿ. ಆಸೆ ಬಿಡುತ್ತೇನೆ.

ಇತಿ,
ಎಂ. ದಾಸಯ್ಯ
ಚಿತ್ರಕಲಾ ಶಿಕ್ಷಕ


ಕೆ.ಆರ್.ಪೇಟೆ
16 ಜೂನ್ 1996

ದಾಸಯ್ಯಾ,

"ಶ್ರೀ ಪುಟ್ಟರಾಜು ಅವರಿಗೆ" ಎಂಬುದನ್ನು ಓದಿ, ಇದು ಬೇರೆ ಯಾರದೋ ಕಾಗದ ಎಂದು ಪೋಸ್ಟ್‌ಮ್ಯಾನ್ ಕೈಗೇ ವಾಪಸ್ ಕೊಡಲು ಹೋದೆ. ನನಗೆ "ಅವರು" ಹಚ್ಚಿದ್ದೀಯಲ್ಲೋ ಮಾರಾಯ. ಶ್ರೀರಂಗಪಟ್ಟಣದ ಸ್ಕೂಲಿಗೆ ನೀನು ಹೊಸ ಡ್ರಾಯಿಂಗ್ ಮೇಷ್ಟ್ರು, ನಾನು ಬೆಂಚು ರಿಪೇರಿಗೆ ನಾಗಮಂಗಲದಿಂದ ಬಂದ ಆಚಾರಿ. ಗುರುತಾದ ಮೊದಲ ದಿನವೇ "ಲೇ ಆಚಾರಿ, ಆ ಉಳಿ ಇತ್ಲಾಗ್ ಕೊಡ್ಲಾ, ಪೆನ್ಸಿಲ್ ಚೂಪ್ ಮಾಡ್ಕತೀನಿ" ಎಂದು ನನ್ನ ಒಳ್ಳೇ ಉಳಿಯ ಬಾಯಿ ಹಾಳು ಮಾಡಿದವನು ನೀನು. ಹದಿನೆಂಟು ವರ್ಷ "ಲೇ" ಎಂದವನು ಈಗ "ಅವರಿಗೆ" ಎಂದರೆ ಬೈಗುಳಕ್ಕಿಂತ ಕಡೆ. ಬೈದುಬಿಡು, ಅದು ವಾಸಿ.

ಕಣ್ಣಿನ ವಿಷಯ ಓದಿ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದೆ. ನಮ್ಮನೆಯವಳು ಮೂಗಮ್ಮನಿಗೆ ಓದಿ ಹೇಳಿದೆ. ಮುದ್ದೆ ತಿರುವುತ್ತಿದ್ದವಳು ಹಾಗೇ ನಿಂತುಬಿಟ್ಟಳು.

ಆ ತುಂಡಿನ ವಿಷಯ. ನಮ್ಮ ಕೆಲಸದಲ್ಲಿ ಕಾಗದದ ಚೂರನ್ನು ಎಸೆಯುವುದಿಲ್ಲ. ಕಟ್ಟಿನ ಬೆನ್ನಿನಲ್ಲಿ ಹಲಗೆಗೂ ಮರದ ಪಟ್ಟಿಗೂ ನಡುವೆ ಸಂದು ಇರುತ್ತದಲ್ಲ, ಧೂಳು, ಹುಳ ಒಳಗೆ ಹೋಗದ ಹಾಗೆ ಅದರ ಮೇಲೆ ಮೈದಾ ಅಂಟು ಬಳಿದು ಕಾಗದ ಅಂಟಿಸುತ್ತೇವೆ. ಉಳಿದ ಚೂರೆಲ್ಲ ಅದಕ್ಕೇ ಹೋಗುವುದು. ಆ ತುಂಡೂ ಯಾರದೋ ಕಟ್ಟಿನ ಬೆನ್ನಿಗೆ ಹೋಗಿರಬೇಕು. ಹುಡುಕುತ್ತೇನೆ. ಮಂಗಳಮ್ಮನಿಗೆ ನಾನು ಕೇಳಿದೆ ಎಂದು ಹೇಳು.

ಇಂತು,
ನಿನ್ನ ಪುಟ್ಟರಾಜು


ಪಾಂಡವಪುರ
4 ಜುಲೈ 1996

ಪುಟ್ಟರಾಜು ಅವರಿಗೆ,

ಎಸೆದಿಲ್ಲ ಎಂದು ತಿಳಿದು ಸಮಾಧಾನವಾಯಿತು. ಅದು ಯಾರ ಮನೆಯ ಗೋಡೆಯಲ್ಲಿದ್ದರೂ ಸರಿ, ನಾನೇ ಬಂದು ಕೇಳಿಕೊಳ್ಳುತ್ತೇನೆ.

ಚಿತ್ರದ ಸ್ಥಿತಿಯೂ ಚೆನ್ನಾಗಿಲ್ಲ. ಮಳೆಗಾಲ ಬಂದರೆ ಕಾಗದ ನಡುವೆ ಉಬ್ಬುತ್ತದೆ. ಹೊಟ್ಟೆಯ ಹತ್ತಿರ ಗಾಜಿಗೆ ಕಚ್ಚಿಕೊಂಡಿದೆ. ಬೇಸಗೆಯಲ್ಲಿ ಬಿಗಿದು ಮೂಲೆಯಲ್ಲಿ ಸೀಳು ಬಿಟ್ಟಿದೆ. ನೀವು ಇಡೀ ಕಾಗದಕ್ಕೆ ಅಂಟು ಬಳಿದು ಹಲಗೆಗೆ ಮೆತ್ತಿದ್ದೀರಿ.

ಮಂಗಳ ಈ ನಾಲ್ಕು ವರ್ಷವೂ ಶುಕ್ರವಾರ ಚಿತ್ರಕ್ಕೆ ಹೂವು ಮುಡಿಸುತ್ತಾಳೆ. ಆಮೇಲೆ ಬಗ್ಗಿ ಕಟ್ಟಿನ ಕೆಳಗಿನ ಬರೀ ಗೋಡೆಗೆ, ಪಾದ ಬರಬೇಕಿದ್ದ ಜಾಗದಲ್ಲಿ, ಎರಡು ಬೊಟ್ಟು ಅರಿಸಿನ ಹಚ್ಚುತ್ತಾಳೆ. ಯಾಕೆ ಎಂದು ಒಮ್ಮೆ ಕೇಳಿದೆ. "ಮಗೀಗೆ ಕಾಲೇ ಇಲ್ವಲ್ಲ, ನನ್ ಕನಸ್ಗಾದ್ರೂ ಎಂಗ್ ನಡ್ಕಂಡ್ ಬಂದಾಳು" ಎಂದಳು. ಗೋಡೆಯ ಆ ಜಾಗ ಹಳದಿಯಾಗಿಹೋಗಿದೆ. ಸುಣ್ಣ ಬಳಿಯಲು ಬಿಡುವುದಿಲ್ಲ.

ಮಗು ನಿಮ್ಮನ್ನು "ಕಟ್ಟಿನ ಮಾವ" ಎನ್ನುತ್ತಿದ್ದಳು. ನೀವು ತಂದುಕೊಡುತ್ತಿದ್ದ ಬಣ್ಣದ ಗಾಜಿನ ಚೂರುಗಳು ಅವಳ ಡಬ್ಬಿಯಲ್ಲಿ ಇನ್ನೂ ಇವೆ. ಯಾಕೋ ಇದನ್ನು ಬರೆಯಬೇಕು ಅನ್ನಿಸಿತು. ಬೇಗ ಹುಡುಕಿ.

ಇತಿ,
ದಾಸಯ್ಯ


ಕೆ.ಆರ್.ಪೇಟೆ
28 ಜುಲೈ 1996

ದಾಸಯ್ಯಾ,

ಹುಡುಕಾಟ ಶುರುವಾಗಿದೆ. ಆ ತಿಂಗಳು ಯಾರ್ಯಾರಿಗೆ ಕಟ್ಟು ಹಾಕಿಕೊಟ್ಟೆ ಎಂದು ನೆನಪು ಮಾಡಿಕೊಂಡು ಹೊರಟೆ. ಮೊದಲು ಕ್ಯಾತನಹಳ್ಳಿ. ಅಲ್ಲಿ ಬೈರಮ್ಮ ಎಂಬ ಮುದುಕಿ, ಕಬ್ಬಿನ ಗದ್ದೆಯವರು. ಅವಳ ಗಂಡನ ಫೋಟೋ ಇಳಿಸಿ ಕವುಚಿ ಹಾಕಿ, ಬೆನ್ನಿನ ಕಾಗದ ಕೆರೆಯುತ್ತಾ ಕೂತೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ ನೋಡಿ, "ಅಲ್ಲ ಕಣ್ಲಾ ಆಚಾರಿ, ಬದುಕಿದ್ದಾಗ್ಲೂ ನನ್ ಗಂಡನ್ ಬೆನ್ನ ಯಾರೂ ಇಂಗೆ ಕೆರೀಲಿಲ್ವಲ್ಲೋ" ಎಂದಳು. ನಗು ತಡೆಯಲಾಗಲಿಲ್ಲ. ಕಾಗದ ಬಿಚ್ಚಿದರೆ ಯಾರದೋ ಮದುವೆ ಕರೆಯೋಲೆ.

ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಒಂದು ದೊಡ್ಡ ಲಕ್ಷ್ಮಿ ಇತ್ತು, ಬೋಂಡದ ಹೊಗೆಗೆ ಕಪ್ಪಾಗಿದ್ದಾಳೆ. ಅದರ ಬೆನ್ನಿಗೆ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ. ನಾಗಮಂಗಲದಲ್ಲಿ ಎರಡು ಮನೆ ನೋಡಿದೆ. ಇಲ್ಲ. ಮುಂದಿನ ತಿಂಗಳು ಕೆ.ಆರ್.ಎಸ್. ಕಡೆ ಹೋಗುತ್ತೇನೆ.

ಕಾಗದ ಉಬ್ಬಿದ ವಿಷಯಕ್ಕೆ ನೀನು ಬೈದಿದ್ದು ಸರಿ. ಆಮೇಲೆ ಮೈಸೂರಿನ ಒಬ್ಬ ಮುದುಕನ ಹತ್ತಿರ ಕಲಿತೆ. ಅಷ್ಟು ದೊಡ್ಡ ಕಾಗದವನ್ನು ಇಡೀ ಮೆತ್ತಬಾರದಂತೆ. ಅದು ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮೇಲಿನ ಅಂಚಿಗೆ ಮಾತ್ರ ತೆಳು ಕಾಗದದ ನಾಲ್ಕು ಪಟ್ಟಿ ಅಂಟಿಸಿ, ಒಗೆದ ಸೀರೆ ನೇತುಹಾಕಿದ ಹಾಗೆ ಇಳಿಬಿಡಬೇಕು. ಗಾಜು ತಾಗದಂತೆ ಸುತ್ತ ಸಣ್ಣ ಮರದ ಪಟ್ಟಿ ಕೊಡಬೇಕು. ಗೊತ್ತಿಲ್ಲದೆ ಮಗುವನ್ನು ಉಸಿರಾಡದ ಹಾಗೆ ಬಿಗಿದುಬಿಟ್ಟಿದ್ದೇನೆ. ಬಂದು ಬಿಚ್ಚಿ ಸರಿಮಾಡಿಕೊಡುತ್ತೇನೆ. ತುಂಡು ಸಿಗಲಿ ಮೊದಲು.

ಇಂತು,
ಪುಟ್ಟರಾಜು


ಪಾಂಡವಪುರ
1 ಸೆಪ್ಟೆಂಬರ್ 1996

ಲೇ ಪುಟ್ಟರಾಜು,

ಅಕ್ಷರ ದೊಡ್ಡದಾಗಿದೆ, ಸಾಲಿನ ಮೇಲೆ ಸಾಲು ಹತ್ತಿದೆ. ಬೈಕೊಳ್ಳದೆ ಓದು. ಈಗ ಎಡಗಣ್ಣಿನಲ್ಲಿ ಕಾಣುವುದು ಒಂದು ರೂಪಾಯಿ ಅಗಲದಷ್ಟು ಜಾಗ. ನಿನ್ನ ಹೆಸರು ಬರೆಯುವಾಗ "ಪು" ಕಾಣುತ್ತದೆ, "ಜು" ಬರುವಷ್ಟರಲ್ಲಿ "ಪು" ಹೋಗಿರುತ್ತದೆ.

ಬೈರಮ್ಮನ ಮಾತನ್ನು ಮಂಗಳನಿಗೆ ಓದಿದೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಈ ಮನೆಯಲ್ಲಿ ಅವಳು ನಕ್ಕು ಎಷ್ಟು ವರ್ಷವಾಯಿತೋ, ನನಗೆ ಗಾಬರಿಯೇ ಆಯಿತು. ಆಮೇಲೆ ಅಳಲು ಶುರುಮಾಡಿದಳು.

ನಿನ್ನ ಮೇಲೆ ಹಗೆ ಸಾಧಿಸಿದ್ದು ತಪ್ಪಾಯಿತು ಕಣ್ಲಾ. ನೀನು ಬಿಸಿಲಲ್ಲಿ ಬಸ್ಸು ಹತ್ತಿ ಇಳಿದು, ಕಂಡವರ ಮನೆಯ ಫೋಟೋ ಇಳಿಸಿ, ಬೈಸಿಕೊಂಡು ಅಲೆಯುತ್ತಿದ್ದೀಯ. ಗಾಜು ಗಿಡ್ಡ ಬಂದಿದ್ದಕ್ಕೆ ನೀನೇನು ಮಾಡುತ್ತಿದ್ದೆ. ನಾನೇ ನಿನಗೆ ಹೇಳಬೇಕಿತ್ತು, ಆ ಪಾದ ಎಂಥದು ಎಂದು. ಹೇಳಲು ಆಗ ಬಾಯಿ ಬರಲಿಲ್ಲ. ತುಂಡು ಸಿಕ್ಕಿದ ದಿನ ಹೇಳುತ್ತೇನೆ.

ಬೇಗ ಬಾ. ಸಿಗದಿದ್ದರೂ ಬಾ.

ನಿನ್ನ
ದಾಸ


ಪಾಂಡವಪುರ
25 ಸೆಪ್ಟೆಂಬರ್ 1996

ಪುಟ್ಟರಾಜಣ್ಣನಿಗೆ ಮಂಗಳಮ್ಮ ಮಾಡುವ ನಮಸ್ಕಾರ.

ನನಗೆ ಹೆಚ್ಚು ಬರೆದು ಅಭ್ಯಾಸವಿಲ್ಲ. ಗಣೇಶನ ಹಬ್ಬ ಕಳೆದ ಗುರುವಾರ ಬೆಳಗ್ಗೆ ಇವರು ಎದ್ದು, "ಯಾಕೆ ಇನ್ನೂ ಬಾಗ್ಲು ತಗ್ದಿಲ್ಲ" ಎಂದರು. ಬಾಗಿಲು ತೆಗೆದಿತ್ತು, ಬಿಸಿಲು ಒಳಕ್ಕೆ ಬಂದಿತ್ತು. ನಾನು ಸುಮ್ಮನೆ ಹೋಗಿ ಇನ್ನೊಂದು ಸಲ ಬಾಗಿಲು ಶಬ್ದ ಮಾಡಿದೆ. ಅವರಿಗೆ ತಿಳಿದುಹೋಯಿತು.

ದಿನಾ ಪೋಸ್ಟಿನ ಹೊತ್ತಿಗೆ ಜಗಲಿಯಲ್ಲಿ ಕೂರುತ್ತಾರೆ. ನಿಮ್ಮ ಕಾಗದ ಬಂತೇ ಎಂದು ಕೇಳುತ್ತಾರೆ. ಅಣ್ಣಾ, ಇನ್ನು ಹುಡುಕಬೇಡಿ. ಸಿಕ್ಕಿದರೂ ನೋಡುವವರು ಇಲ್ಲ. ಬಿಸಿಲಲ್ಲಿ ನೀವು ಸುಮ್ಮನೆ ಮೈ ಹಾಳುಮಾಡಿಕೊಳ್ಳಬೇಡಿ.

ಮೂಗಮ್ಮನಿಗೆ ನಾನು ಕೇಳಿದೆ ಎಂದು ಹೇಳಿ.

ನಿಮ್ಮ ತಂಗಿ
ಮಂಗಳ


ಕೆ.ಆರ್.ಪೇಟೆ
4 ಅಕ್ಟೋಬರ್ 1996

ದಾಸಯ್ಯಾ,

ತಂಗಿ ಮಂಗಳಮ್ಮ, ಇದನ್ನು ಅವನಿಗೆ ಪೂರ್ತಿ ಓದು. ನಡುವೆ ನಿನಗೆ ತಡೆಯಲಾಗದ ಮಾತು ಬರುತ್ತದೆ. ನಿಲ್ಲಿಸಬೇಡ.

ಬೈರಮ್ಮ ಎಂಬವಳೇ ಇಲ್ಲ. ನಾನು ಕ್ಯಾತನಹಳ್ಳಿಗೆ ಹೋಗಿಲ್ಲ, ಬೆಳ್ಳೂರಿಗೂ ಹೋಗಿಲ್ಲ, ನಾಗಮಂಗಲಕ್ಕೂ ಹೋಗಿಲ್ಲ. ಅಂಗಡಿಯ ಮಣೆ ಮೇಲೆ ಕೂತು ಕತೆ ಕಟ್ಟಿದೆ. ತುಂಡು ಎಲ್ಲಿದೆ ಎಂದು ನನಗೆ ಮೊದಲಿಂದಲೂ ಗೊತ್ತು. ಅದು ನಿನ್ನ ಮನೆಯಲ್ಲೇ ಇದೆ. ಮಗಳ ಚಿತ್ರದ ಕಟ್ಟಿನ ಬೆನ್ನಲ್ಲಿ, ಕೆಳಗಡೆಯ ಸಂದಿಗೆ ನಾನೇ ಅಂಟಿಸಿದ್ದು. ಬರೆದ ಮಗ್ಗುಲು ಒಳಕ್ಕೆ ಹಾಕಿದ್ದೇನೆ, ಹಿಂದಿನಿಂದ ನೋಡಿದರೆ ಬಿಳೀ ಕಾಗದ. ಮಂಗಳಮ್ಮ ಗೋಡೆಗೆ ಅರಿಸಿನ ಹಚ್ಚುವ ಜಾಗಕ್ಕೂ ಅದಕ್ಕೂ ಒಂದು ಗೇಣು ದೂರ ಇಲ್ಲ.

ಗಾಜು ಗಿಡ್ಡ ಬಂದಿರಲಿಲ್ಲ. ಆರಡಿಯ ಗಾಜು ಗೋಡೆಗೆ ಒರಗಿತ್ತು. ಕಾಗದ ಕತ್ತರಿಸಿದ ಮೇಲೆ ಗಾಜನ್ನೂ ಕತ್ತರಿಸಿದೆ.

ಯಾಕೆ ಎಂದರೆ ಕೇಳು. ಆಸ್ಪತ್ರೆಯಲ್ಲಿ ಮಗು ಹೋದ ಮಧ್ಯಾಹ್ನ ನೀನು ವ್ಯಾನು ತರಲು ಹೋಗಿದ್ದೆ. ಮಂಗಳಮ್ಮನಿಗೆ ಪ್ರಜ್ಞೆ ಇರಲಿಲ್ಲ. ಆಯಾ ಬಂದು, "ಯಾರ್ರೀ ಮನೆಯೋರು? ಮೈ ಸೆಟ್ಕಳೋಕ್ ಮುಂಚೆ ಕಾಲ್ ಹೆಬ್ಬೆಟ್ಟು ಕಟ್ಬುಡಿ" ಎಂದಳು. ಮನೆಯವರು ಎಂದು ಅಲ್ಲಿದ್ದವನು ನಾನೊಬ್ಬ. ಜೇಬಿನಲ್ಲಿ ಫೋಟೋ ತೂಗುಹಾಕುವ ಹುರಿ ಇತ್ತು. ಅದರಲ್ಲೇ ಎರಡು ಹೆಬ್ಬೆರಳನ್ನೂ ಸೇರಿಸಿ ಸುತ್ತಿದೆ. ಕಟ್ಟು ಕಟ್ಟಿಯೇ ಹೊಟ್ಟೆ ಹೊರೆದ ಕೈ ಇದು, ಆ ಒಂದು ಗಂಟು ಮೂರು ಸಲ ಜಾರಿತು. ಬೆರಳು ಇನ್ನೂ ಬೆಚ್ಚಗಿತ್ತು ದಾಸ. ನನ್ನನ್ನು ಕಟ್ಟಿನ ಮಾವ ಎನ್ನುತ್ತಿದ್ದ ಮಗು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮೂಗಮ್ಮನಿಗೂ. ಎರಡು ತಿಂಗಳು ಕಳೆದು ನೀನು ಸುರುಳಿ ತಂದುಕೊಟ್ಟು ಹೋದೆ. ಮೇಜಿನ ಮೇಲೆ ಬಿಚ್ಚುತ್ತಾ ಬಂದೆ. ಮುಖ ಬಂತು, ಜಡೆ ಬಂತು, ಲಂಗದ ನೆರಿಗೆ ಬಂತು. ಕಡೆಗೆ ಪಾದ ಬಂತು. ನಿಂತವರ ಪಾದ ಅಲ್ಲ, ಅಂಗಾತ ಮಲಗಿದವರ ಪಾದ, ಎರಡೂ ಹೊರಕ್ಕೆ ವಾಲಿದ್ದವು. ಈ ಹೆಬ್ಬೆರಳಿಂದ ಆ ಹೆಬ್ಬೆರಳಿಗೆ ಒಂದು ಗೆರೆ. ನನ್ನ ಹುರಿ ಅದು. ಮಣ್ಣಿಗೆ ಕೊಡುವ ಮುಂಚೆ ಮಗುವನ್ನು ಕಾಗದದ ಮೇಲೆ ಮಲಗಿಸಿ ಅಳತೆ ತೆಗೆದಿದ್ದೀಯ, ಮುಖವನ್ನು ಆಮೇಲೆ ನೆನಪಿನಿಂದ ತುಂಬಿದ್ದೀಯ ಎಂದುಕೊಂಡೆ. ಅಪ್ಪನಾದವನು ದಿನಾ ಬೆಳಗ್ಗೆ ಎದ್ದು ಆ ಗಂಟು ನೋಡುತ್ತಾನಲ್ಲ ಎನ್ನಿಸಿತು. ಕಣ್ಣು ಮುಚ್ಚಿಕೊಂಡು ಕತ್ತರಿಸಿದೆ. ಎಸೆಯಲು ಕೈ ಬರಲಿಲ್ಲ.

ನೀನು ಜೂನ್‌ನಲ್ಲಿ ಕೇಳಿದಾಗಲೇ ಹೇಳಿದ್ದರೆ ನಿನಗೆ ಕಣ್ಣಿತ್ತು. ಹೇಳಲು ಹೋದರೆ ಗಂಟಿನ ಮಾತು ಬರುತ್ತಿತ್ತು, ಅದನ್ನು ತಪ್ಪಿಸಲು ಸುಳ್ಳು ಬರೆದೆ. "ತಪ್ಪಾಯಿತು ಕಣ್ಲಾ" ಎಂದು ನೀನು ಬರೆದ ಕಾಗದ ಬಂದ ಮೇಲೆ ಒಂದು ತಿಂಗಳು ಪೆನ್ನು ಮುಟ್ಟಲಾಗಲಿಲ್ಲ. ಮಂಗಳಮ್ಮನ ಕಾಗದ ಬಂದ ದಿನ ಮೂಗಮ್ಮನಿಗೆ ಎಲ್ಲ ಹೇಳಿದೆ. ಅವಳು, "ಅವ್ರ್ ಕಣ್ಣ ನೀವೇ ತಿಂದ್ಬುಟ್ರಲ್ಲ, ಇನ್ನಾದ್ರೂ ಏಳ್ಬುಡಿ ನಿಜಾವ" ಎಂದಳು.

13ನೇ ತಾರೀಕು ಭಾನುವಾರ ಮೊದಲ ಬಸ್ಸಿಗೆ, ಪೂರ್ತಿ ಉದ್ದದ ಹೊಸ ಗಾಜು, ಹಲಗೆ ಹೊತ್ತುಕೊಂಡು ಬರುತ್ತೇನೆ. ಮೂರು ದಿನದ ಕೆಲಸ. ನೀನು ಬಾಗಿಲು ಹಾಕಿದರೆ ಜಗಲಿಯಲ್ಲಿ ಕೂತು ಮಾಡುತ್ತೇನೆ.

ಪುಟ್ಟರಾಜು


ಪಾಂಡವಪುರ
2 ನವೆಂಬರ್ 1996

ಪುಟ್ಟರಾಜು,

ನಾನು ಹೇಳುತ್ತಿದ್ದೇನೆ, ಮಂಗಳ ಬರೆಯುತ್ತಿದ್ದಾಳೆ.

ನೀನು ಬಂದ ಮೂರು ದಿನವೂ ನಾನು ನಿನ್ನ ಜೊತೆ ಮಾತಾಡಲಿಲ್ಲ. ನಿನ್ನ ಕಡೆಗೆ ಬೆನ್ನು ಮಾಡಿ ಜಗಲಿಯಲ್ಲಿ ಕೂತಿದ್ದೆ. ಆದರೆ ಎಲ್ಲವೂ ಕೇಳಿಸುತ್ತಿತ್ತು. ನೀನು ಒದ್ದೆ ಬಟ್ಟೆ ಹಿಂಡಿದ್ದು, ಅಂಟು ನೆನೆಯಲಿ ಎಂದು ಕಾದಿದ್ದು, ಕಾಗದ ಹಲಗೆ ಬಿಟ್ಟು ಬಂದಾಗ ಆದ ಸಣ್ಣ ಶಬ್ದ. ಎರಡನೇ ದಿನ ಒಮ್ಮೆ ನೀನು ಒಳಗೆ ಅತ್ತಿದ್ದೂ ಕೇಳಿಸಿತು. ಪಾದದ ತುಂಡನ್ನು ಹಿಂದಿನಿಂದ ತೆಳು ಕಾಗದ ಕೊಟ್ಟು ಲಂಗದ ಕೆಳಕ್ಕೆ ಕೂಡಿಸಿದ್ದೀಯಂತೆ. ಕೂಡಿಸಿದ ಜಾಗ ಹುಡುಕಿದರೂ ಕಾಣುವುದಿಲ್ಲವಂತೆ. ಈ ಶುಕ್ರವಾರ ಮಂಗಳ ಗೋಡೆಗೆ ಅರಿಸಿನ ಹಚ್ಚಲಿಲ್ಲ.

ಜೂನ್‌ನಲ್ಲೇ ನೀನು ಹೇಳಿದ್ದರೆ ನಾನು ನೋಡುತ್ತಿದ್ದೆ. ಅದನ್ನು ಕ್ಷಮಿಸಲು ಪ್ರಯತ್ನ ಮಾಡಿದೆ, ನನ್ನಿಂದ ಆಗಲಿಲ್ಲ. ಸುಳ್ಳು ಹೇಳುವುದಿಲ್ಲ. ಮಗಳ ಬೆರಳು ಕಟ್ಟಿದ್ದಕ್ಕೆ ಮಾತ್ರ ನಿನಗೆ ಕೈ ಮುಗಿಯುತ್ತೇನೆ. ಆ ಕೆಲಸ ನನ್ನದಾಗಿತ್ತು, ನೀನು ಮಾಡಿದೆ.

ಈಗ ಆ ಗೆರೆಯ ವಿಷಯ. ನೀನು ಬರೆದದ್ದನ್ನು ಮಂಗಳ ಓದುವಾಗ ನಾನು ಎದ್ದು ನಿಂತುಬಿಟ್ಟೆ. ಸತ್ತ ಮಗಳನ್ನು ಮಲಗಿಸಿ ಅಳತೆ ತೆಗೆಯುವ ಅಪ್ಪ ಎಂದುಕೊಂಡೆಯಲ್ಲೋ. ಅದು ಅವಳು ಇದ್ದಾಗಿನದು ಕಣ್ಲಾ. ಶಿವರಾತ್ರಿಯ ಹಿಂದಿನ ಭಾನುವಾರ. ಮೈಸೂರಿನ ಪ್ರೆಸ್ಸಿನಿಂದ ಕಾಗದದ ರೋಲಿನಲ್ಲಿ ಉಳಿದ ತುದಿ ತಂದಿದ್ದೆ. ಹಜಾರದಲ್ಲಿ ಹಾಸುತ್ತಿದ್ದ ಹಾಗೆಯೇ ಅವಳು, "ಅಪ್ಪಾ, ನನ್ನ ನನ್ನಷ್ಟುದ್ದಾನೇ ಬರಿ" ಎಂದು ತಾನಾಗಿ ಅದರ ಮೇಲೆ ಅಂಗಾತ ಮಲಗಿದಳು. ನಾನು ಮೈಯ ಸುತ್ತ ಪೆನ್ಸಿಲ್ ಎಳೆದುಕೊಂಡು ಬಂದೆ. ಪಾದಕ್ಕೆ ಬರುವವರೆಗೂ ಗಂಭೀರವಾಗಿದ್ದಳು. ಬಲಗಾಲ ಹೆಬ್ಬೆರಳ ಹತ್ತಿರ ಪೆನ್ಸಿಲ್ ತಾಗಿದ್ದೇ ತಡ, "ಬುಡಪ್ಪೋ, ಕಚಗುಳಿ ಆಯ್ತದೆ, ಬುಡಪ್ಪೋ" ಎಂದು ಕಿರುಚಿ, ನಕ್ಕು, ಕಾಲು ಒದರಿದಳು. ಪೆನ್ಸಿಲ್ ಜಾರಿ ಈ ಹೆಬ್ಬೆರಳಿಂದ ಆ ಹೆಬ್ಬೆರಳಿಗೆ ಗೀಚಿಹೋಯಿತು. ಒಲೆ ಮುಂದೆ ಇದ್ದ ಮಂಗಳ ಏನಾಯಿತೋ ಎಂದು ಓಡಿಬಂದಳು.

ನಾನು ಅಳಿಸಲು ರಬ್ಬರ್ ತೆಗೆದೆ. ಅವಳು ಕೈ ಹಿಡಿದುಕೊಂಡು, "ಅಳಿಸ್ಬ್ಯಾಡ ಕಣಪ್ಪ, ನಾನ್ ನಗ್ತಿದ್ದೆ ಅಂತ ಗೊತ್ತಾಗ್ಲಿ" ಎಂದಳು. ಮುಖದಲ್ಲಿ ಆ ನಗು ತರಲು ಆಮೇಲೆ ಎಷ್ಟು ಒದ್ದಾಡಿದರೂ ನನಗೆ ಬರಲಿಲ್ಲ. ಇಡೀ ಐದಡಿ ಕಾಗದದಲ್ಲಿ ಅವಳು ನಗುತ್ತಿದ್ದದ್ದು ಆ ಗೆರೆಯಲ್ಲಿ ಮಾತ್ರ. ನೀನು ನೋಡಲಾರದೆ ಕತ್ತರಿಸಿದ್ದು ಅದನ್ನು.

ಇದನ್ನು ಅಂದೇ ನಾನು ಹೇಳಬೇಕಿತ್ತು, ನೀನು ಕೇಳಬೇಕಿತ್ತು. ಇಬ್ಬರೂ ಮಾಡಲಿಲ್ಲ.

ಈಗ ಬೆಳಗ್ಗೆ ಎದ್ದರೆ ಮಂಗಳ ನನ್ನ ಕೈ ಹಿಡಿದು ಚಿತ್ರದ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಬಗ್ಗಿಸಿ, ಬೆರಳು ಅಲ್ಲಿ ಇಡಿಸಿ, "ಇಲ್ಲೇ ಅದೆ ಕಣ್ರೀ, ಇಲ್ಲೇ" ಎನ್ನುತ್ತಾಳೆ. ನನಗೆ ಸಿಗುವುದು ಗಾಜು. ತಣ್ಣಗಿರುತ್ತದೆ. ಆವತ್ತು ಪೆನ್ಸಿಲ್ ಜಾರಿದಾಗ ಮೊನೆ ಕಾಗದದಲ್ಲಿ ಇಳಿದಿತ್ತು, ನನಗೆ ನೆನಪಿದೆ. ನೀನು ನೆನೆಸಿ ಬಿಚ್ಚಿದ ಮೇಲೂ ಆ ಗುರುತು ಉಳಿದಿದೆಯೋ ಇಲ್ಲವೋ, ಬೆರಳಿಟ್ಟು ನೋಡಬೇಕು.

ಬರುವಾಗ ಉಳಿ ತಾ. ಗಾಜು ತೆಗೆದುಬಿಡು ಕಣ್ಲಾ.

ದಾಸ